ಕೆರೆಯ ದಂಡೆಯಲ್ಲಿ ಕೊನೆಯುಸಿರಿನ ಪ್ರಶ್ನೆ

ದಾವಣಗೆರೆಯಿಂದ ಚನ್ನಗಿರಿ ಸೀಮೆಯ ಕಡೆಗೆ ಹೊರಟ ಬಸ್ಸು ಪೇಟೆಯ ಗದ್ದಲ ದಾಟುತ್ತಿದ್ದಂತೆ ಕಿಟಕಿಯ ಎರಡೂ ಬದಿಗೆ ಭತ್ತದ ಗದ್ದೆಗಳು ತೆರೆದುಕೊಳ್ಳುತ್ತವೆ. ಭದ್ರಾ ನಾಲೆಗೆ ನೀರು ಬಿಟ್ಟ ದಿನಗಳಲ್ಲಂತೂ ಕಣ್ಣು ಹಾಯುವಷ್ಟು ದೂರ ಹಸಿರೇ ಹಸಿರು. ಮುಂದೆ ಹೋದಂತೆ ಭತ್ತ ಹಿಂದೆ ಸರಿದು ಅಡಿಕೆ ತೋಟಗಳು ಎದುರಾಗುತ್ತವೆ. ಕೊಯ್ಲಿನ ಕಾಲವಾದರೆ ಅಂಗಳಗಳಲ್ಲಿ ಅಡಿಕೆ ಸುಲಿಯುವವರ ಮಾತು, ಬೇಯಿಸುವ ಹಂಡೆಗಳ ಹಬೆ, ಒಣಗಲು ಹರವಿದ ಕೆಂಪಡಿಕೆಯ ಒಗರು ವಾಸನೆ. ಈ ಹಸಿರಿನ ನಡುವೆ, ಹೆಸರಿನಲ್ಲೇ ಕೆರೆಯನ್ನು ಹೊತ್ತುಕೊಂಡ ಊರು ಕೆರೆಬಿಳಚಿ.

ಚನ್ನಗಿರಿ ತಾಲ್ಲೂಕಿನ ದೊಡ್ಡ ಊರುಗಳಲ್ಲಿ ಇದೂ ಒಂದು. ಗುಡಿಯ ಗಂಟೆಯೂ ಮಸೀದಿಯ ಬಾಂಗೂ ಒಂದೇ ಗಾಳಿಯಲ್ಲಿ ಕೇಳುವ ಊರು. 1997ರ ತನಕ ಚನ್ನಗಿರಿ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆ ವರ್ಷ ದಾವಣಗೆರೆ ಹೊಸ ಜಿಲ್ಲೆಯಾದಾಗ ತಾಲ್ಲೂಕು ಇತ್ತ ಬಂತು. ಕಚೇರಿಯ ಕಾಗದಪತ್ರ ಬದಲಾದದ್ದು ಆಗ. ಆದರೆ ಆಸ್ಪತ್ರೆಯ ದಾರಿ ಮಾತ್ರ ಮೊದಲಿನಿಂದಲೂ ದಾವಣಗೆರೆಯ ಕಡೆಗೇ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಸುತ್ತಲಿನ ಹತ್ತಾರು ತಾಲ್ಲೂಕುಗಳ ಜನ 'ದೊಡ್ಡಾಸ್ಪತ್ರೆ' ಎಂದರೆ ದಾವಣಗೆರೆಯತ್ತ ಕೈ ತೋರಿಸುತ್ತಾರೆ.

ಊರಿಗೆ ಬಂದವರು ಮೊದಲು ಕೇಳುವುದು ಕೆರೆಯನ್ನೇ. ಅದು ಸೂಳೆಕೆರೆ. ಸರ್ಕಾರಿ ದಾಖಲೆಗಳಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ಹಿಡಿದು ನಿಲ್ಲಿಸಿದ ಜಲರಾಶಿ. ಸುತ್ತಳತೆ ಸುಮಾರು 30 ಕಿಲೋಮೀಟರು. ಕಟ್ಟಿದ್ದು ಹನ್ನೆರಡನೇ ಶತಮಾನದಲ್ಲಿ ಎನ್ನುತ್ತಾರೆ. ದಂಡೆಯ ಮೇಲೆ ನಿಂತರೆ ಎದುರು ದಂಡೆ ಮಂಜಿನೊಳಗೆ ಕರಗಿದಂತೆ ಕಾಣುತ್ತದೆ. ಏರಿಯ ಪಕ್ಕದ ಗುಡ್ಡದಲ್ಲಿ ಸಿದ್ಧೇಶ್ವರನ ಗುಡಿ. ಕೆಳಗೆ ತೂಬು. ತೂಬಿನಾಚೆ ಗದ್ದೆ, ತೋಟ, ಊರು. ಇಲ್ಲಿಂದ ಹೊರಬಿದ್ದ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ.

ಕೆರೆಗೊಂದು ಕಥೆಯೂ ಉಂಟು. ಅರಸನ ಮಗಳು ಶಾಂತವ್ವ ಕೆರೆ ಕಟ್ಟಿಸಹೊರಟಳಂತೆ. ನೆಲ ಸೂಳೆಯರದು. ಕೆರೆಗೆ ತಮ್ಮ ಹೆಸರಿಡುವುದಾದರೆ ನೆಲ ಬಿಟ್ಟುಕೊಡುತ್ತೇವೆ ಎಂದರಂತೆ ಅವರು. ಹಾಗೆ ಹೆಸರು ನಿಂತಿತು. ಸಮಾಜ ಮಾನ ಕೊಡದ ಹೆಂಗಸರು ನೆಲ ಕೊಟ್ಟು ಮಾನ ಪಡೆದರು ಎಂದು ಈ ಕಥೆಯನ್ನು ಓದಿದರೆ ತಪ್ಪಾಗಲಾರದು.

ಮಾನ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ದಾವಣಗೆರೆಗೂ ಈ ಕೆರೆಯ ಸೀಮೆಗೂ ನಡುವಿನ ಒಂದು ತಾಸಿನ ದಾರಿಯಲ್ಲಿ ಇಂದು ಸದ್ದಿಲ್ಲದೆ ಓಡಾಡುತ್ತಿರುವ ಪ್ರಶ್ನೆಯೂ ಮಾನದ್ದೇ. ಬದುಕಿನ ಮಾನವಲ್ಲ, ಸಾವಿನ ಮಾನ.

ಆಂಬುಲೆನ್ಸಿನ ಹಿಂದಾರಿ

ಹಳ್ಳಿಗಳ ಕಡೆ ಆಂಬುಲೆನ್ಸು ಎರಡು ಬಗೆಯಲ್ಲಿ ಓಡುತ್ತದೆ. ಹೋಗುವಾಗ ಸದ್ದು ಮಾಡುತ್ತ, ಕೆಂಪು ದೀಪ ಮಿನುಗಿಸುತ್ತ. ಕೆಲವೊಮ್ಮೆ ಬರುವಾಗ ಸದ್ದಿಲ್ಲದೆ, ನಿಧಾನವಾಗಿ. ಆ ಸದ್ದಿಲ್ಲದ ಗಾಡಿಯನ್ನು ಕಂಡರೆ ಅಂಗಡಿ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಾರೆ. 'ಯಾರ ಮನೇದಪ್ಪ?' ಎಂದು ಮೆಲ್ಲಗೆ ಕೇಳುತ್ತಾರೆ.

ಅದರೊಳಗೆ ಮಲಗಿದವರ ಜೀವ ಇನ್ನೂ ಹೋಗಿರುವುದಿಲ್ಲ. ಮೂಗಿಗೆ ಆಮ್ಲಜನಕದ ನಳಿಕೆ ಇರುತ್ತದೆ. ತೀವ್ರ ನಿಗಾ ಘಟಕದಲ್ಲಿ ಹತ್ತು ದಿನವೋ ಹದಿನೈದು ದಿನವೋ ಕಳೆದಿರುತ್ತದೆ. ಅಡಿಕೆ ವ್ಯಾಪಾರಿಯ ಹತ್ತಿರ ಮುಂಗಡ ತಂದದ್ದು ಕರಗಿರುತ್ತದೆ. ಹೆಣ್ಣುಮಕ್ಕಳ ಬಂಗಾರ ಅಡವಿಗೆ ಹೋಗಿರುತ್ತದೆ. ವೈದ್ಯರು ಹೊರಗೆ ಬಂದು, 'ಇನ್ನು ನಮ್ಮ ಕೈಲಿಲ್ಲ, ಮನೆಗೆ ಕರಕೊಂಡು ಹೋಗಿ' ಎನ್ನುತ್ತಾರೆ. 'ನಮ್ಮ ಇಚ್ಛೆಯಿಂದಲೇ ಕರೆದೊಯ್ಯುತ್ತಿದ್ದೇವೆ' ಎಂಬ ಕಾಗದಕ್ಕೆ ಮಗ ರುಜು ಹಾಕುತ್ತಾನೆ. ಗಾಡಿ ಮನೆ ಮುಂದೆ ನಿಲ್ಲುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಸಿರುತ್ತದೆ. ನಳಿಕೆ ತೆಗೆಯುತ್ತಾರೆ. ಬಾಯಿಗೆ ನೀರು ಬಿಡುತ್ತಾರೆ. ಒಂದು ಮನೆಯಲ್ಲಿ ವಿಭೂತಿ, ಇನ್ನೊಂದು ಮನೆಯಲ್ಲಿ ಕಲಿಮಾ. ಜೀವ ಇನ್ನೂ ಎಳೆದಾಡುತ್ತಿದ್ದರೆ, 'ಯಾರದೋ ದಾರಿ ಕಾಯ್ತಿದೆ ಜೀವ' ಎಂದು ಹಿರಿಯರು ದೂರದ ಮಗಳಿಗೆ ಹೇಳಿ ಕಳಿಸುತ್ತಾರೆ.

ಕರ್ನಾಟಕದ ಯಾವ ಹಳ್ಳಿಯಲ್ಲಿ ಇದು ನಡೆಯುವುದಿಲ್ಲ? ಇದಕ್ಕೆ ಯಾರೂ ದಯಾಮರಣ ಎಂದು ಹೆಸರಿಡಲಿಲ್ಲ. ಕೊಲೆ ಎಂದೂ ಕರೆಯಲಿಲ್ಲ. ನ್ಯಾಯಾಲಯಗಳು ದಶಕಗಳ ಕಾಲ ತೂಗಿ ನೋಡಿದ ಪ್ರಶ್ನೆಯನ್ನು ಹಳ್ಳಿಯ ಪಡಸಾಲೆಗಳು ತಮ್ಮ ಪಾಡಿಗೆ ತೀರ್ಮಾನಿಸುತ್ತ ಬಂದಿವೆ. ಆದರೆ ಆ ತೀರ್ಮಾನದಲ್ಲೊಂದು ದೊಡ್ಡ ಕೊರತೆ ಇದೆ. ಮಲಗಿದವರನ್ನು ಯಾರೂ ಕೇಳಿರುವುದಿಲ್ಲ. ಕೇಳುವ ಹೊತ್ತಿಗೆ ಅವರಿಗೆ ಮಾತು ನಿಂತಿರುತ್ತದೆ. ಮೊದಲೇ ಕೇಳೋಣವೆಂದರೆ 'ಅಪಶಕುನದ ಮಾತಾಡಬೇಡ' ಎಂದು ಬಾಯಿ ಮುಚ್ಚಿಸುವವರೇ ಎಲ್ಲ. ಹಣವಿದ್ದವರು ನಳಿಕೆ ಉಳಿಸಿಕೊಳ್ಳುತ್ತಾರೆ, ಇಲ್ಲದವರು ತೆಗೆಸುತ್ತಾರೆ. ಇಚ್ಛೆ ಯಾರದು? ಕೆಲವೊಮ್ಮೆ ಅದು ಬಿಲ್ಲಿನ ಇಚ್ಛೆ!

ದಾವಣಗೆರೆಯ ಮೇಷ್ಟ್ರಮ್ಮ

ಇದೇ ದಾರಿಯ ಆ ತುದಿಯಲ್ಲಿ, ದಾವಣಗೆರೆ ಪಟ್ಟಣದಲ್ಲಿ, ಒಬ್ಬ ಹೆಣ್ಣುಮಗಳು ಈ ಪ್ರಶ್ನೆಯನ್ನು ಬೀದಿಗೆ ತಂದರು. ಎಚ್.ಬಿ. ಕರಿಬಸಮ್ಮ. ನಿವೃತ್ತ ಶಾಲಾ ಶಿಕ್ಷಕಿ. ಬೆನ್ನುಮೂಳೆಯ ನೋವಿನಲ್ಲಿ ವರ್ಷಗಟ್ಟಲೆ ನರಳಿದ ಅವರು ಘನತೆಯಿಂದ ಸಾಯುವ ಹಕ್ಕನ್ನು ಕೊಡಿ ಎಂದು ಎರಡು ದಶಕಕ್ಕೂ ಹೆಚ್ಚು ಕಾಲ ಕೇಳುತ್ತಲೇ ಬಂದರು. ರಾಷ್ಟ್ರಪತಿ, ಪ್ರಧಾನಿಯವರಿಗೆ ಪತ್ರ ಬರೆದರು. ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಕೇಳಿದ್ದು ಸಿಗಲಿಲ್ಲ. ಮತ್ತೆ ಬರೆದರು.

ಮಗ್ಗಿ ತಪ್ಪಿದ ಹುಡುಗನಿಗೆ ಇನ್ನೊಮ್ಮೆ, ಮತ್ತೊಮ್ಮೆ ಹೇಳಿಸುವ ಮೇಷ್ಟ್ರುಗಳ ಹಟ ಅದು. ನಗುವವರೂ ಇದ್ದರು. 'ಸಾಯೋಕ್ಕೂ ಅರ್ಜಿ ಹಾಕ್ತಾರಾ?' ಎಂದವರೂ ಇದ್ದರು. ಆದರೆ ಅವರ ಅರ್ಜಿಯಲ್ಲಿದ್ದದ್ದು ಸಾವಿನ ಆಸೆಗಿಂತ ಹೆಚ್ಚಾಗಿ ಒಂದು ಲೆಕ್ಕ ಕೇಳುವ ಧೈರ್ಯ. ಬದುಕಿದಷ್ಟು ದಿನ ನನ್ನ ಬದುಕಿನ ಯಜಮಾನಿ ನಾನಾಗಿದ್ದೆ, ಕೊನೆಯ ದಿನಗಳಲ್ಲಿ ಆ ಯಜಮಾನಿಕೆ ಯಾರ ಕೈಗೆ ಹೋಗುತ್ತದೆ ಎಂಬ ಲೆಕ್ಕ.

2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಅಥವಾ ಕೊಡದಿರುವ ಬಗ್ಗೆ ಸುಪ್ರೀಂ ಕೋರ್ಟು ಹೇಳಿದ ಕ್ರಮವನ್ನು ರಾಜ್ಯದಲ್ಲಿ ಜಾರಿಗೆ ತರುವ ಸುತ್ತೋಲೆ ಅದು. ಆಗ ಕರಿಬಸಮ್ಮನವರಿಗೆ 85 ವರ್ಷ. ಕ್ಯಾನ್ಸರೂ ಅಂಟಿಕೊಂಡಿತ್ತು. ಪತ್ರಿಕೆಯವರು ದಾವಣಗೆರೆಗೆ ಧಾವಿಸಿದರು. ಗೆದ್ದಿರಲ್ಲ ಎಂದರು.

ಗೆದ್ದದ್ದು ನಿಜವೇ? ಇಲ್ಲೊಂದು ಸೂಕ್ಷ್ಮ ಉಂಟು. ಸುತ್ತೋಲೆ ಹೇಳುವುದು ಯಂತ್ರದ ನೆರವಿನಿಂದ ನಿಂತ ಉಸಿರಿನ ಮಾತು. ನೋವಿನಲ್ಲಿದ್ದೂ ಎಚ್ಚರವಾಗಿರುವ, ತಾನಾಗಿ ಉಸಿರಾಡುವ, ಎದ್ದು ಓಡಾಡುವ ಮನುಷ್ಯ 'ಸಾಕು, ಕಳಿಸಿಬಿಡಿ' ಎಂದರೆ ಕಳಿಸಲು ಅದು ಯಾರಿಗೂ ಅಧಿಕಾರ ಕೊಡುವುದಿಲ್ಲ. ಮದ್ದು ಕೊಟ್ಟು ಸಾಯಿಸುವುದು ಅಂದೂ ಅಪರಾಧ, ಸುತ್ತೋಲೆಯ ನಂತರವೂ ಅಪರಾಧ. ಹಾಗಾಗಿ ಮೇಷ್ಟ್ರಮ್ಮ ಕೇಳಿದ್ದು ಒಂದು, ರಾಜ್ಯ ಕೊಟ್ಟದ್ದು ಇನ್ನೊಂದು. ಆದರೂ ಕೇಳದಿದ್ದರೆ ಅದೂ ಬರುತ್ತಿರಲಿಲ್ಲವೇನೋ. ಕೆರೆ ಕಟ್ಟಿಸಿದವರೇ ಅದರ ನೀರು ಕುಡಿಯಬೇಕೆಂದೇನೂ ಇಲ್ಲವಷ್ಟೆ.

ಹಳದೀಪುರದ ಹುಡುಗಿ

ಈ ದೇಶದ ಕಾನೂನು ಇಲ್ಲಿಯವರೆಗೆ ನಡೆದು ಬಂದ ದಾರಿಯಲ್ಲಿ ಇನ್ನೊಬ್ಬ ಕನ್ನಡತಿಯ ಹೆಜ್ಜೆ ಇದೆ. ಆದರೆ ಆಕೆ ನಡೆಯಲಿಲ್ಲ, ಮಲಗಿದ್ದಲ್ಲಿಂದಲೇ ದಾರಿ ಮಾಡಿದಳು. ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿ. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಆಕೆಯ ಕುತ್ತಿಗೆ ಬಿಗಿದು ಅತ್ಯಾಚಾರವೆಸಗಿದ. ಮೆದುಳಿಗೆ ಆಮ್ಲಜನಕ ಹೋಗದೆ ಅರುಣಾ ಜಡವಾದಳು. ಒಂದಲ್ಲ ಎರಡಲ್ಲ, 42 ವರ್ಷ.

ಪತ್ರಕರ್ತೆ ಪಿಂಕಿ ವಿರಾನಿ ಆಕೆಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆಹಾರ ಕೊಡುವುದನ್ನು ನಿಲ್ಲಿಸಿ ಆಕೆಗೆ ಬಿಡುಗಡೆ ಕೊಡಿ ಎಂದರು. ಎದುರು ನಿಂತವರು ಅದೇ ಆಸ್ಪತ್ರೆಯ ದಾದಿಯರು. ತಲೆಮಾರಿನಿಂದ ತಲೆಮಾರಿಗೆ ಅರುಣಾಳ ಆರೈಕೆಯನ್ನು ಒಪ್ಪಿಸಿಕೊಂಡು ಬಂದವರು. ನಮಗೆ ಆಕೆ ಭಾರವಲ್ಲ ಎಂಬುದು ಅವರ ನಿಲುವು. ಎರಡೂ ಕಡೆ ಇದ್ದದ್ದು ಪ್ರೀತಿಯೇ. ಒಂದು ಪ್ರೀತಿ ಬಿಟ್ಟುಕೊಡಿ ಎಂದಿತು, ಇನ್ನೊಂದು ಪ್ರೀತಿ ಬಿಡಲಾರೆವು ಎಂದಿತು. ನ್ಯಾಯಮೂರ್ತಿಗಳು ತೀರ್ಪು ಬರೆಯಬೇಕಾಗಿದ್ದದ್ದು ಈ ಇಬ್ಬರ ನಡುವೆ!

2011ರ ಮಾರ್ಚ್ 7ರಂದು ಕೋರ್ಟು ದಾದಿಯರ ಮಾತನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆಯೊಂದಿಗೆ ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದು ಮೊದಲ ಬಾರಿಗೆ ಬಾಗಿಲನ್ನು ತುಸು ತೆರೆಯಿತು. ತಾನು ಸೋತ ಮೊಕದ್ದಮೆಯಲ್ಲಿ ಅರುಣಾ ಬೇರೆಯವರಿಗೆ ದಾರಿ ಬಿಟ್ಟುಕೊಟ್ಟಳು. 2015ರ ಮೇ 18ರಂದು ನ್ಯುಮೋನಿಯಾದಿಂದ ಅವಳು ತೀರಿಕೊಂಡಳು.

ಮುಂದಿನ ಹೆಜ್ಜೆ 2018ರ ಮಾರ್ಚ್ 9ರಂದು. 'ಕಾಮನ್ ಕಾಸ್' ಎಂಬ ಸಂಸ್ಥೆ 2005ರಲ್ಲಿ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಒಂದು ಭಾಗ ಎಂದಿತು. ಬುದ್ಧಿ ಸ್ವಾಧೀನದಲ್ಲಿರುವಾಗಲೇ 'ನನಗೆ ಇಂಥ ಸ್ಥಿತಿ ಬಂದರೆ ಯಂತ್ರಕ್ಕೆ ಹಾಕಬೇಡಿ' ಎಂದು ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಕ್ರಮ ಎಷ್ಟು ತೊಡಕಾಗಿತ್ತೆಂದರೆ ಉಯಿಲು ಬರೆದವರು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಲ್ಲಬೇಕಿತ್ತು. 2023ರ ಜನವರಿ 24ರಂದು ಕೋರ್ಟು ಆ ಗಂಟುಗಳನ್ನು ಸಡಿಲಿಸಿತು. ಕರ್ನಾಟಕದ ಸುತ್ತೋಲೆಯ ಬೇರು ಇರುವುದು ಅಲ್ಲಿ.

ಕಲ್ಲುಗಳು ಹೇಳುವ ಸಾವು

ಸಾಯುವ ಹಕ್ಕು ಪಡುವಣದಿಂದ ಬಂದ ಸರಕು ಎನ್ನುವವರುಂಟು. ನೆದರ್ಲೆಂಡ್ಸ್ ದೇಶ 2002ರಲ್ಲಿ, ಕೆನಡಾ 2016ರಲ್ಲಿ ವೈದ್ಯರ ನೆರವಿನ ಸಾವಿಗೆ ಕಾನೂನು ಮಾಡಿದವು ಎಂಬುದು ನಿಜ. ಆದರೆ ಕನ್ನಡ ನಾಡಿನ ಬಯಲಿನಲ್ಲಿ ನಿಂತ ಕಲ್ಲುಗಳನ್ನು ನೋಡಿದವರು ಹಾಗೆನ್ನಲಾರರು.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಕ್ರಿ.ಶ. ಸುಮಾರು 600ರಿಂದ ಇತ್ತೀಚೆಗೆ ಶಾಸನಗಳಿವೆ. ಅವುಗಳಲ್ಲಿ ಎಷ್ಟೋ, ಅನ್ನಾಹಾರ ಬಿಟ್ಟು ಸಮಾಧಿಮರಣ ಪಡೆದವರ ನೆನಪಿನವು. ಮುನಿಗಳಷ್ಟೇ ಅಲ್ಲ, ಅರಸರೂ ಅಲ್ಲಿದ್ದಾರೆ. ರಾಷ್ಟ್ರಕೂಟರ ನಾಲ್ವಡಿ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಸಲ್ಲೇಖನ ಮಾಡಿದ. ಗಂಗರ ಮಾರಸಿಂಹ ಅದಕ್ಕೂ ಮೊದಲು, ದಾವಣಗೆರೆಯ ನೆರೆಯ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ, ಗುರು ಅಜಿತಸೇನರ ಸನ್ನಿಧಿಯಲ್ಲಿ ದೇಹ ಬಿಟ್ಟ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು.

ಇದು ಆತ್ಮಹತ್ಯೆಯೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಬಂತು. 2015ರ ಆಗಸ್ಟ್ 10ರಂದು ರಾಜಸ್ಥಾನದ ಹೈಕೋರ್ಟು ಹೌದೆಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಜೈನರು ಹೇಳುವುದಿಷ್ಟು: ಸಲ್ಲೇಖನ ಸಿಟ್ಟಿನಿಂದಲೋ ನಿರಾಶೆಯಿಂದಲೋ ಹುಟ್ಟಿದ್ದಲ್ಲ. ಗುರುವಿನ ಒಪ್ಪಿಗೆ ಬೇಕು, ಮನಸ್ಸು ತಿಳಿಯಾಗಿರಬೇಕು, ದೇಹ ಧರ್ಮಕ್ಕೆ ಒದಗದಾದಾಗ ಮಾತ್ರ ಅದು ಸಲ್ಲುತ್ತದೆ.

ಆದರೆ ಕಲ್ಲುಗಳೆಲ್ಲ ಒಂದೇ ಮಾತಾಡುವುದಿಲ್ಲ. ಶಿವಮೊಗ್ಗ, ದಾವಣಗೆರೆಯ ಸೀಮೆಯಲ್ಲಿ ಓಡಾಡುವವರಿಗೆ ಹಳೆಯ ಗುಡಿಯ ಬಳಿ, ಕೆರೆ ಏರಿಯ ಮೇಲೆ ವೀರಗಲ್ಲುಗಳ ಜೊತೆಗೆ ಮಾಸ್ತಿಕಲ್ಲುಗಳೂ ಕಾಣಸಿಗುತ್ತವೆ. ಬಳೆ ತೊಟ್ಟ ಕೈಯೊಂದು ಕಲ್ಲಿನಿಂದ ಮೇಲೆದ್ದಿರುತ್ತದೆ. ಗಂಡನ ಚಿತೆ ಏರಿದವಳ ಕೈ. ತಾನೇ ಬಯಸಿ ಏರಿದಳು ಎಂದು ಕಲ್ಲು ಹೇಳಬಹುದು. ಆದರೆ ಬಯಸದೆ ಇರುವ ಸ್ವಾತಂತ್ರ್ಯ ಅವಳಿಗೆ ಇತ್ತೆ? ಕಲ್ಲಿನಲ್ಲಿ ಅದಕ್ಕೆ ಉತ್ತರವಿಲ್ಲ.

ಕೆರೆಯ ನಾಡಿನವರಿಗೆ ಇನ್ನೊಂದು ನೆನಪೂ ಬರದೆ ಇರದು. 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯ ಭಾಗೀರಥಿ. ಕೆರೆಯಲ್ಲಿ ನೀರು ಬರಲಿಲ್ಲವೆಂದು ಮನೆಯ ಹಿರಿಯರೇ ಕಿರಿಸೊಸೆಯನ್ನು ಆಹುತಿಗೆ ಆರಿಸುತ್ತಾರೆ. ಅವಳಿಗೆ ತಿಳಿಯುತ್ತದೆ. ತವರಿಗೆ ಹೋಗಿ ಬರುತ್ತಾಳೆ. ಎದುರು ಮಾತಾಡದೆ ಮೆಟ್ಟಿಲಿಳಿಯುತ್ತಾಳೆ. ನೋಡಿದವರಿಗೆ ಅದು ಒಪ್ಪಿಗೆಯಂತೆ ಕಾಣುತ್ತದೆ. ಆದರೆ ಕೇಳಿದ ಕನ್ನಡಿಗರೆಲ್ಲ ತಲೆಮಾರುಗಳಿಂದ ಅತ್ತದ್ದು ಅದು ಒಪ್ಪಿಗೆಯಲ್ಲವೆಂದು ಬಲ್ಲದ್ದರಿಂದ.

ಭಾರವೆಂಬ ಮಾತು

ಸಾಯುವ ಹಕ್ಕಿನ ವಿರುದ್ಧ ಮಾತಾಡುವವರ ದೊಡ್ಡ ಅಂಜಿಕೆ ಭಾಗೀರಥಿಯ ಅಂಜಿಕೆಯೇ. ಹಕ್ಕು ಎಂದು ಕೊಟ್ಟದ್ದು ನಾಳೆ ಕರ್ತವ್ಯವಾಗಿಬಿಟ್ಟರೆ? 'ಅಜ್ಜಿ, ನಿಮಗೇ ಹಿಂಸೆ ಅಲ್ವಾ' ಎಂದು ಸೊಸೆಯೋ ಮೊಮ್ಮಗನೋ ಮೆತ್ತಗೆ ಹೇಳಿದರೆ, ಅಜ್ಜಿಗೆ ಅದರ ಅರ್ಥ ತಿಳಿಯದೆ? ಹಳ್ಳಿಯ ಮುದುಕರು ಮೊದಲೇ ತಮ್ಮನ್ನು ಭಾರವೆಂದು ಎಣಿಸಿಕೊಂಡವರು. ಮೊಮ್ಮಗಳ ಮದುವೆಗೆ ಇಟ್ಟ ದುಡ್ಡು ತನ್ನ ಔಷಧಿಗೆ ಹೋಗುತ್ತಿದೆ ಎಂದು ಗುಳಿಗೆಯನ್ನು ಅರ್ಧ ಮುರಿದು ನುಂಗುವವರು. ಅಂಥವರ ಬಾಯಿಂದ 'ಸಾಕು' ಎಂಬ ಮಾತು ಹೊರಡಿಸುವುದು ಕಷ್ಟವೇನಲ್ಲ. ಅಂಗವಿಕಲರ ಪರವಾಗಿ ದುಡಿಯುವವರು ಇದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ: ನಮ್ಮ ಬದುಕನ್ನು ನೋಡಿ ಮರುಗುವವರು, ಅದು ಬದುಕಲು ಯೋಗ್ಯವಲ್ಲ ಎಂದು ತೀರ್ಮಾನಿಸುವುದಕ್ಕೆ ಬಹಳ ಹೊತ್ತು ಬೇಕಿಲ್ಲ.

ಧರ್ಮದ ದಾರಿಯಿಂದ ಬರುವ ಆಕ್ಷೇಪವೂ ಹಗುರವಲ್ಲ. ಕೆರೆಬಿಳಚಿಯಂಥ ಊರಿನ ಮುಸಲ್ಮಾನ ಹಿರಿಯರಿಗೆ ಜೀವವೆಂಬುದು ಅಲ್ಲಾಹನು ಒಪ್ಪಿಸಿದ ಅಮಾನತ್ತು. ಇಟ್ಟವನು ಕೇಳುವ ತನಕ ಹಿಂದಿರುಗಿಸುವಂತಿಲ್ಲ. ಸಾವನ್ನು ಲಿಂಗೈಕ್ಯವೆನ್ನುವ ಶರಣರ ಮನೆಗಳಲ್ಲಿ ಸಾವಿಗೆ ಅಂಜಿಕೆ ಕಡಿಮೆ. ಹಾಗೆಂದು ಅದನ್ನು ಕರೆದು ತರಬೇಕೆಂದು ಅವರೂ ಹೇಳುವುದಿಲ್ಲ. ಆದರೆ ಇಬ್ಬರೂ ಒಪ್ಪುವ ಒಂದು ಜಾಗವುಂಟು. ಬರುವ ಸಾವನ್ನು ಯಂತ್ರ ಕಟ್ಟಿ ತಡೆಯುವುದು ಬೇರೆ, ಬಾರದ ಸಾವನ್ನು ಎಳೆದು ತರುವುದು ಬೇರೆ. ನಮ್ಮ ಕಾನೂನು ನಿಂತಿರುವುದೂ ಈ ಎರಡರ ನಡುವಿನ ಬದುವಿನ ಮೇಲೆ.

ಆತ್ಮಹತ್ಯೆಯ ಪ್ರಶ್ನೆಯೂ ಇಲ್ಲಿ ಬೆರೆತು ಗೊಂದಲವಾಗುತ್ತದೆ. 1994ರಲ್ಲಿ ಸುಪ್ರೀಂ ಕೋರ್ಟು ಆತ್ಮಹತ್ಯೆಗೆ ಯತ್ನಿಸಿದವರನ್ನು ಶಿಕ್ಷಿಸುವ 309ನೇ ಕಲಮನ್ನು ರದ್ದು ಮಾಡಿತು. 1996ರಲ್ಲಿ ಐವರ ಪೀಠ ಅದನ್ನು ತಿರುಗಿಸಿ, ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಇಲ್ಲ ಎಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸಾಲಕ್ಕೆ, ಅವಮಾನಕ್ಕೆ, ಒಂಟಿತನಕ್ಕೆ ಸಿಕ್ಕಿ ಸಾಯಹೊರಟ ಜೀವಕ್ಕೆ ಬೇಕಾದ್ದು ಹಕ್ಕುಪತ್ರವಲ್ಲ, ಕೈಹಿಡಿಯುವ ಇನ್ನೊಂದು ಕೈ. ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ 'ಟೆಲಿ ಮಾನಸ್' 14416 ಸಂಖ್ಯೆಗೆ ಯಾವ ಹಳ್ಳಿಯಿಂದ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡು ಸಾಕ್ಷಿ, ಒಂದು ಕಾಗದ

ಸುತ್ತೋಲೆಯ ಕ್ರಮ ಹಳ್ಳಿಯವರಿಗೆ ಅರ್ಥವಾಗದ್ದೇನಲ್ಲ. ಹದಿನೆಂಟು ದಾಟಿದ, ಬುದ್ಧಿ ನೆಟ್ಟಗಿರುವ ಯಾರಾದರೂ ಮುಂಗಡ ವೈದ್ಯಕೀಯ ಸೂಚನೆ ಬರೆದಿಡಬಹುದು. ಜಮೀನಿನ ಉಯಿಲಿನಂತೆಯೇ ಇದು ದೇಹದ ಉಯಿಲು. ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ರುಜುವಾಗಬೇಕು. ತನಗೆ ಮಾತು ನಿಂತಾಗ ತನ್ನ ಪರವಾಗಿ ಮಾತಾಡುವವರು ಯಾರು ಎಂದು ಹೆಸರಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಬರೆದಿಟ್ಟ ಮಾತ್ರಕ್ಕೆ ನಳಿಕೆ ತೆಗೆಯುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲು ಮೂವರು ವೈದ್ಯರ ಮಂಡಳಿ ಕೂರಬೇಕು: ಚಿಕಿತ್ಸೆ ಕೊಡುತ್ತಿರುವವರು ಒಬ್ಬರು, ಕನಿಷ್ಠ ಐದು ವರ್ಷ ಅನುಭವವಿರುವ ತಜ್ಞರು ಇಬ್ಬರು. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಮೊದಲಿನವರು ಯಾರೂ ಇರುವಂತಿಲ್ಲ. ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ತಾಸಿನೊಳಗೆ ಅಭಿಪ್ರಾಯ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಜಾರಿ ಮಾಡುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಏನನ್ನೂ ಬರೆದಿಡದ ರೋಗಿಯ ವಿಷಯದಲ್ಲೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ.

ಇಷ್ಟೆಲ್ಲ ಬೇಲಿ ಏಕೆ? ಭಾಗೀರಥಿಯ ಕಥೆ ಮತ್ತೆ ನಡೆಯದಿರಲೆಂದು. ಇಷ್ಟಾದರೂ ಬಾಗಿಲು ಏಕೆ? ಸದ್ದಿಲ್ಲದ ಆಂಬುಲೆನ್ಸಿನಲ್ಲಿ ಮನೆಗೆ ಬಂದ ಜೀವಗಳಿಗೂ ಒಂದು ಮಾತಿನ ಹಕ್ಕು ಇರಲೆಂದು. ಬೇಲಿ ಎತ್ತರವಾದಷ್ಟೂ ಹಳ್ಳಿಯವರು ಹಳೆಯ ಕಳ್ಳದಾರಿಯನ್ನೇ ಹಿಡಿಯುತ್ತಾರೆ. ತಗ್ಗಾದಷ್ಟೂ ಆಸ್ತಿಗೆ ಕಣ್ಣಿಟ್ಟವರು ಹಾರಿ ಬರುತ್ತಾರೆ. ಎತ್ತರ ಎಷ್ಟಿರಬೇಕೆಂಬುದೇ ಚರ್ಚೆಯ ತಿರುಳು.

ನೋವಿಗೊಂದು ಮದ್ದು

ಈ ಚರ್ಚೆಯಲ್ಲಿ ಹಿಂದೆ ಬೀಳುವ ಮಾತೊಂದುಂಟು. ಸಾವನ್ನು ಕೇಳುವವರಲ್ಲಿ ಅನೇಕರು ನಿಜಕ್ಕೂ ಕೇಳುವುದು ನೋವಿನಿಂದ ಬಿಡುಗಡೆಯನ್ನು. ಕ್ಯಾನ್ಸರಿನ ಕೊನೆಯ ನೋವಿಗೆ ಮಾರ್ಫಿನ್ ಎಂಬ ಮದ್ದು ಬಹಳ ಹಿಂದಿನಿಂದಲೂ ಇದೆ, ದುಬಾರಿಯದೂ ಅಲ್ಲ. ಆದರೆ ಮಾದಕ ವಸ್ತುಗಳ ಕಾನೂನಿನ ಬಿಗಿಯಿಂದ ಅದು ರೋಗಿಯ ಕೈಗೆ ಸಿಗುತ್ತಿರಲಿಲ್ಲ. 2014ರಲ್ಲಿ ಸಂಸತ್ತು ಕಾನೂನನ್ನು ತಿದ್ದಿ ದಾರಿ ಸುಗಮ ಮಾಡಿತು. ಬೆಂಗಳೂರಿನ 'ಕರುಣಾಶ್ರಯ' 1990ರ ದಶಕದಿಂದ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಕಾಸು ಕೇಳದೆ ನೋಡಿಕೊಳ್ಳುತ್ತ ಬಂದ ಸಂಸ್ಥೆ. ನೆರೆಯ ಕೇರಳದಲ್ಲಿ ಊರಿನವರೇ ಸೇರಿ, ದಾದಿಯರ ಜೊತೆ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿಕೊಳ್ಳುವ ಪದ್ಧತಿ ಬೇರೂರಿದೆ.

ಚನ್ನಗಿರಿಯ ತೋಟದ ಮನೆಯೊಂದರಲ್ಲಿ ನರಳುವ ಜೀವಕ್ಕೆ ಬೆಂಗಳೂರು ದೂರ. ನೋವು ತಗ್ಗಿಸುವ ಮದ್ದು, ಹುಣ್ಣು ತೊಳೆಯುವ ಕೈ, ಪಕ್ಕದಲ್ಲಿ ಕೂರುವ ಮನುಷ್ಯ ಇವಿಷ್ಟು ಊರಿನ ಹತ್ತಿರಕ್ಕೆ ಬರುವ ತನಕ, ಯಾರ ಬಾಯಿಂದ ಬಂದ 'ಸಾಕು' ಎಂಬ ಮಾತನ್ನೂ ಪೂರ್ತಿ ಸ್ವತಂತ್ರ ಇಚ್ಛೆ ಎಂದು ನಂಬುವುದು ಕಷ್ಟ. ಬದುಕಲು ಬೇಕಾದಷ್ಟು ಅನುಕೂಲ ಮಾಡಿಕೊಟ್ಟ ಸಮಾಜಕ್ಕೆ ಮಾತ್ರ ಸಾಯುವ ಹಕ್ಕನ್ನು ನಿರ್ಮಲ ಮನಸ್ಸಿನಿಂದ ಕೊಡಲು ಬರುತ್ತದೆ. ಹಾಗೆಂದು ಅಲ್ಲಿಯ ತನಕ ನರಳುವವರನ್ನು ಕಾಯಿಸುವುದೂ ನ್ಯಾಯವಲ್ಲ. ದಾವಣಗೆರೆಯ ಮೇಷ್ಟ್ರಮ್ಮ ಅಷ್ಟು ವರ್ಷ ಕೇಳಿದ್ದು ಇದನ್ನೇ.

ಸಂಜೆಯಾಗುತ್ತಿದ್ದಂತೆ ಸೂಳೆಕೆರೆಯ ಮೇಲೆ ಬೆಳಕು ಕೆಂಪಡಿಕೆಯ ಬಣ್ಣಕ್ಕೆ ತಿರುಗುತ್ತದೆ. ಬಲೆ ಎಳೆದ ದೋಣಿಗಳು ದಂಡೆಗೆ ಬರುತ್ತವೆ. ಏರಿಯ ಮೇಲೆ ವಯಸ್ಸಾದವರು ನಿಧಾನವಾಗಿ ಹೆಜ್ಜೆ ಹಾಕುತ್ತಾರೆ. ಎಂಟು ಶತಮಾನ ದಾಟಿಯೂ ಈ ಏರಿ ನಿಂತಿರುವುದು ಕಲ್ಲು ಮಣ್ಣಿನ ಬಲದಿಂದ ಮಾತ್ರವಲ್ಲ, ನೀರು ಹೊರಗೆ ಹೋಗಲು ತೂಬು ಇಟ್ಟದ್ದರಿಂದಲೂ ಹೌದು. ಹಳಬರಿಗೆ ಇದು ಗೊತ್ತಿತ್ತು.

ಕೊನೆಯ ಬಸ್ಸು ದಾವಣಗೆರೆಯ ಕಡೆಗೆ ಹೊರಡುತ್ತದೆ. ಊರಿನ ಮನೆಗಳಲ್ಲಿ ದೀಪ ಹತ್ತುತ್ತದೆ. ಜಗುಲಿಯ ಮೇಲೆ ಅಜ್ಜ, ಒಳಗೆ ಅಜ್ಜಿ. ಜಮೀನು ಯಾರಿಗೆ, ಮನೆ ಯಾರಿಗೆ, ಬಂಗಾರ ಯಾರಿಗೆ ಎಂದು ಅವರನ್ನು ಎಷ್ಟೋ ಬಾರಿ ಕೇಳಿ ಆಗಿರುತ್ತದೆ. ನಿಮ್ಮ ಕೊನೆಯ ದಿನಗಳು ಹೇಗಿರಬೇಕು, ಎಲ್ಲಿ ಮಲಗಿರಬೇಕು, ಪಕ್ಕದಲ್ಲಿ ಯಾರಿರಬೇಕು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ. ಕಾಗದ, ಸಾಕ್ಷಿ, ನೋಟರಿ ಎಲ್ಲ ಆಮೇಲಿನ ಮಾತು. ಊಟವಾದ ಮೇಲೆ ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಇದನ್ನೊಂದು ಕೇಳಬಹುದು. ಅಪಶಕುನವೇನೂ ಆಗದು.